ಜೋಮು ಬೆರಳಿನಲ್ಲಿ, ತೊಂದರೆ ಕತ್ತಿನಲ್ಲಿ: ಯಾವ ಬೆರಳು ಅಂತ ಮೊದಲು ನೋಡಿ

ಇವತ್ತು ಮೈಸೂರಿನ ಜಯಲಕ್ಷ್ಮಿಪುರಂನಿಂದ ಮಾತಾಡ್ತಿದ್ದೀನಿ. ಇದನ್ನು ಕೇಳೋಕೆ ಸ್ಕ್ರೀನ್ ನೋಡಬೇಕಾಗಿಲ್ಲ. ಫೋನ್ ಜೇಬಿಗೆ ಹಾಕಿ, ತಲೆ ಎತ್ತಿ ಕೂತ್ಕೊಳ್ಳಿ.

ನಮ್ಮ ದೊಡ್ಡಪ್ಪ ದಿನಾ ಸಂಜೆ ಕಾಳಿದಾಸ ರಸ್ತೆಯಲ್ಲಿ ವಾಕಿಂಗ್ ಹೋಗ್ತಿದ್ದರು. ಒಂದು ದಿನ ಅಂಗಿ ಗುಂಡಿ ಹಾಕೋಕೆ ಬೆರಳು ಬಗ್ಗಲಿಲ್ಲ. ಕೈ ಜೋಮು ಅಂದರು. ನಡೆಯುವಾಗ ಕಾಲು ತೂರಾಡ್ತಿತ್ತು. ‘ವಯಸ್ಸಾಯ್ತಲ್ಲ’ ಅಂತ ನಾವೇ ವಿಟಮಿನ್ ಮಾತ್ರೆ ತಂದುಕೊಟ್ವಿ. ಎಂಟು ತಿಂಗಳು ಹೀಗೇ ಕಳೀತು. ಎಂಆರ್‌ಐ ಮಾಡಿಸಿದಾಗ ಗೊತ್ತಾಯ್ತು, ಕತ್ತಿನ ಮೂಳೆ ಸವೆದು ಬೆನ್ನುಹುರಿಯನ್ನೇ ಒತ್ತುತ್ತಿತ್ತು. ಆಪರೇಷನ್ ಆಯ್ತು, ಕಾಯಿಲೆ ಮುಂದುವರಿಯೋದು ನಿಂತಿತು. ಬೆರಳು ಮಾತ್ರ ಮೊದಲಿನಂತಾಗಲಿಲ್ಲ. ಇವತ್ತಿಗೂ ದೊಡ್ಡಮ್ಮನೇ ಗುಂಡಿ ಹಾಕ್ತಾರೆ.

ಕತ್ತಿನಲ್ಲಿ ಇರೋದು 7 ಮೂಳೆ, 8 ಜೊತೆ ನರ. ಮೂಳೆಗಳ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತೆ. ವಯಸ್ಸಾದಂತೆ ಅದರ ನೀರಿನಂಶ ಕಮ್ಮಿಯಾಗಿ ತೆಳುವಾಗುತ್ತೆ. ಮೂಳೆಯ ಅಂಚು ಮುಳ್ಳಿನ ಹಾಗೆ ಬೆಳೆಯುತ್ತೆ. ಇದಕ್ಕೇ ಸರ್ವೈಕಲ್ ಸ್ಪಾಂಡಿಲೋಸಿಸ್ ಅನ್ನೋದು. ಆ ಮುಳ್ಳೋ, ಉಬ್ಬಿದ ಡಿಸ್ಕೋ ನರವನ್ನು ಒತ್ತಿದರೆ ಜೋಮು ಕೈಗಿಳಿಯುತ್ತೆ.

ಯಾವ ಬೆರಳು ಅನ್ನೋದು ಮುಖ್ಯ. ಸಾಮಾನ್ಯವಾಗಿ ಹೆಬ್ಬೆರಳು, ತೋರುಬೆರಳು ಅಂದ್ರೆ 6ನೇ ನರ. ನಡುಬೆರಳು ಅಂದ್ರೆ 7ನೇದು. ಕಿರುಬೆರಳು ಅಂದ್ರೆ 8ನೇದು. ಹಾಗಂತ ಎಲ್ಲ ಜೋಮೂ ಕತ್ತಿನಿಂದಲೇ ಬರಲ್ಲ. ರಾತ್ರಿ ಜೋಮಿಗೆ ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುತ್ತಾ? ಮಣಿಕಟ್ಟಿನಲ್ಲಿ ನರ ಒತ್ತಿರಬಹುದು, ಅದು ಕಾರ್ಪಲ್ ಟನಲ್. ಮೊಣಕೈ ಮಡಚಿ ತುಂಬಾ ಹೊತ್ತು ಫೋನ್ ಹಿಡಿದಾಗ ಕಿರುಬೆರಳು ಜೋಮು ಹಿಡಿದರೆ ಮೊಣಕೈಯ ನರ ಇರಬಹುದು. ಶುಗರ್, ಬಿ12 ಕೊರತೆಯಿಂದಲೂ ಜೋಮು ಬರುತ್ತೆ. ಅದಕ್ಕೇ ಯಾವ ಬೆರಳು, ಯಾವ ಹೊತ್ತು ಅಂತ ಬರೆದಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ.

ರಿಪೋರ್ಟಲ್ಲಿ ‘ಡಿಸ್ಕ್ ಬಲ್ಜ್’ ಅಂತ ಕಂಡ ತಕ್ಷಣ ಗಾಬರಿಯಾಗಬೇಡಿ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕತ್ತನ್ನು ಸ್ಕ್ಯಾನ್ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ 20ರ ಹರೆಯದವರಲ್ಲೂ ಹೆಚ್ಚಿನವರಿಗೆ ಡಿಸ್ಕ್ ಉಬ್ಬಿತ್ತು. ಸ್ಕ್ಯಾನ್ ಜೊತೆಗೆ ನಿಮ್ಮ ಲಕ್ಷಣಗಳೂ ಹೊಂದಿಕೆಯಾಗಬೇಕು. ನರ ಒತ್ತಿದ ನೋವು ಬಹಳಷ್ಟು ಜನರಿಗೆ ಕೆಲವು ವಾರ, ತಿಂಗಳಲ್ಲಿ ಆಪರೇಷನ್ ಇಲ್ಲದೇ ಇಳಿಯುತ್ತೆ.

ನೀವು ಮಾಡಬಹುದಾದದ್ದು ಇಷ್ಟು. ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಕಟಿಂಗ್ ಶಾಪಿನಲ್ಲಿ ಕತ್ತು ಲಟಕ್ ಅನ್ನಿಸೋಕೆ ಬಂದರೆ ‘ಬೇಡಣ್ಣ’ ಅನ್ನಿ, ಅದರಿಂದ ಮಿದುಳಿಗೆ ಹೋಗುವ ರಕ್ತನಾಳಕ್ಕೂ ಪೆಟ್ಟಾಗಬಹುದು. ಪಕ್ಕದ ಗೋಕುಲಂ ಯೋಗಕ್ಕೆ ಹೆಸರುವಾಸಿ, ನಿಜ. ಆದರೆ ಕೈ ಜೋಮು ಇದ್ದಾಗ ಡಾಕ್ಟರನ್ನು ಕೇಳದೆ ಶೀರ್ಷಾಸನ ಮಾಡಬೇಡಿ.

ಕೈಯಿಂದ ವಸ್ತು ಜಾರೋದು, ಅಕ್ಷರ ಕೆಡೋದು, ಗುಂಡಿ ಹಾಕೋಕಾಗದಿರೋದು, ನಡಿಗೆ ತೂರಾಡೋದು ಕಂಡರೆ ಕಾಯಬೇಡಿ. ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇವತ್ತು ಮನೆಗೆ ಹೋದಾಗ ಅಪ್ಪನೋ, ಅಜ್ಜಿಯೋ ಗುಂಡಿ ಹೇಗೆ ಹಾಕ್ತಾರೆ ಅಂತ ಒಮ್ಮೆ ನೋಡಿ. ನಾವು ಅದನ್ನು ಎಂಟು ತಿಂಗಳು ತಡವಾಗಿ ನೋಡಿದ್ವಿ.