ಬಣ್ಣದಡಿಯ ಕ್ಯುಪಿಡ್

1895ರ ನವೆಂಬರಿನಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದರು. ಮರುವರ್ಷವೇ ಫ್ರಾಂಕ್‌ಫರ್ಟ್‌ನ ಭೌತವಿಜ್ಞಾನಿ ವಾಲ್ಟರ್ ಕ್ಯೋನಿಗ್ ಅದನ್ನು ಒಂದು ವರ್ಣಚಿತ್ರದ ಮೂಲಕ ಹಾಯಿಸಿ ನೋಡಿದರು. ವೈದ್ಯರು ಮುರಿದ ಮೂಳೆ ಹುಡುಕತೊಡಗಿದ ಕಾಲದಲ್ಲೇ ಚಿತ್ರಕಲೆಗೂ ಈ ಕಣ್ಣು ಒದಗಿತ್ತು.

ಇದು ಸಾಧ್ಯವಾದದ್ದು ಸೀಸದಿಂದ. ಯುರೋಪಿನ ಕಲಾವಿದರು ಶತಮಾನಗಳ ಕಾಲ ಬಳಸಿದ ಬಿಳಿ ಬಣ್ಣ ಸೀಸದ್ದು. ಅದು ಕಿರಣವನ್ನು ತಡೆಯುತ್ತದೆ, ಎಕ್ಸ್‌ರೇ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ. ಮುಖ, ಕೈ, ಬಟ್ಟೆಯ ನೆರಿಗೆಗಳ ಮೇಲೆ ಬೀಳುವ ಬೆಳಕಿಗೆಲ್ಲ ಈ ಬಿಳಿಯನ್ನೇ ಬೆರೆಸುತ್ತಿದ್ದುದರಿಂದ, ಮೇಲೆ ಬೇರೆ ಬಣ್ಣ ಬಳಿದರೂ ಅಡಿಯ ಆಕೃತಿ ಮೂಡಿಬರುತ್ತದೆ. 1925ರಿಂದ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂಗಾಗಿ ಅಲನ್ ಬರೋಸ್ ಸಾವಿರಾರು ಚಿತ್ರಗಳ ಎಕ್ಸ್‌ರೇ ತೆಗೆದರು.

ನನ್ನನ್ನು ಬಹಳವಾಗಿ ಕಾಡಿರುವುದು ಡ್ರೆಸ್ಡೆನ್ ಗ್ಯಾಲರಿಯ ಕತೆ. ಡಚ್ ಕಲಾವಿದ ವರ್ಮೀರ್ 1650ರ ದಶಕದ ಕೊನೆಯಲ್ಲಿ ಬರೆದ ಚಿತ್ರವದು: ತೆರೆದ ಕಿಟಕಿಯ ಬಳಿ ಪತ್ರ ಓದುತ್ತ ನಿಂತ ಯುವತಿ, ಅವಳ ಹಿಂದೆ ಖಾಲಿ ಗೋಡೆ. ಆ ಖಾಲಿತನವನ್ನೇ ಜನ ಮೆಚ್ಚಿಕೊಂಡಿದ್ದರು. 1979ರ ಎಕ್ಸ್‌ರೇಯಲ್ಲಿ ಆ ಗೋಡೆಯ ಮೇಲೆ ಪ್ರೇಮದೇವತೆ ಕ್ಯುಪಿಡ್‌ನ ದೊಡ್ಡ ಪಟವೊಂದು ಕಂಡಿತು! ವರ್ಮೀರನೇ ಮನಸ್ಸು ಬದಲಿಸಿ ಮುಚ್ಚಿರಬೇಕೆಂದು ವಿದ್ವಾಂಸರು ನಂಬಿದರು. ಅಡಿಯಲ್ಲಿ ಏನಿದೆ ಎಂದಷ್ಟೇ ಎಕ್ಸ್‌ರೇ ಹೇಳಿತ್ತು. ಮುಚ್ಚಿದವರು ಯಾರು, ಯಾವಾಗ ಎಂದು ಅದು ಹೇಳಿರಲಿಲ್ಲ. ನಮ್ಮ ಊಹೆಯೂ ಅದರ ಜೊತೆ ಸೇರಿ ಸಾಕ್ಷ್ಯವೇ ಆಗಿಬಿಟ್ಟಿತ್ತು.

ಈ ನಡುವೆ ತಂತ್ರವೂ ಬೆಳೆಯಿತು. ಬಣ್ಣದಲ್ಲಿರುವ ಒಂದೊಂದು ಮೂಲಧಾತುವನ್ನೂ ಬೇರೆಬೇರೆಯಾಗಿ ಗುರುತಿಸುವುದು ಸಾಧ್ಯವಾಯಿತು. 2008ರಲ್ಲಿ ಯೋರಿಸ್ ಡಿಕ್, ಕೂನ್ ಯಾನ್ಸೆನ್ಸ್ ಮತ್ತು ಸಂಗಡಿಗರು ಹ್ಯಾಂಬರ್ಗ್‌ನಲ್ಲಿ ವ್ಯಾನ್ ಗೋನ ಹುಲ್ಲುನೆಲದ ಚಿತ್ರವೊಂದನ್ನು ಹೀಗೆ ಪರೀಕ್ಷಿಸಿದರು. ಪಾದರಸ ತುಟಿಯ ಕೆಂಪನ್ನೂ ಆಂಟಿಮನಿ ಮುಖದ ಮೇಲಿನ ಬೆಳಕನ್ನೂ ತೋರಿಸಿಕೊಟ್ಟವು. ಹುಲ್ಲಿನಡಿ ಇದ್ದವಳು ರೈತ ಹೆಂಗಸು.

ಡ್ರೆಸ್ಡೆನ್‌ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಧೂಳಿನಿಂದ. 2017ರಲ್ಲಿ ಚಿತ್ರ ಶುಚಿಗೊಳಿಸುವಾಗ ಕ್ಯುಪಿಡ್‌ಗೂ ಅವನನ್ನು ಮುಚ್ಚಿದ ಬಣ್ಣಕ್ಕೂ ನಡುವೆ ಹಳೆಯ ವಾರ್ನಿಷ್ ಮತ್ತು ಕೊಳೆಯ ಪದರ ಸಿಕ್ಕಿತು. ಅಷ್ಟು ಕೊಳೆ ಕೂರಲು ದಶಕಗಳೇ ಬೇಕು. ಅಂದರೆ ಮುಚ್ಚಿದ್ದು ವರ್ಮೀರ್ ತೀರಿಕೊಂಡ ಮೇಲೆ, ಬೇರೆ ಯಾರೋ. ಸೂಕ್ಷ್ಮದರ್ಶಕದಡಿ ಸಣ್ಣ ಅಲಗಿನಿಂದ ಆ ಬಣ್ಣವನ್ನು ಹೆರೆದು ತೆಗೆದರು. 2021ರಲ್ಲಿ ಚಿತ್ರ ಮತ್ತೆ ಪ್ರದರ್ಶನಕ್ಕೆ ಬಂತು. ಕಪಟದ ಸಂಕೇತವಾದ ಮುಖವಾಡಗಳನ್ನು ತುಳಿದು ನಿಂತ ಕ್ಯುಪಿಡ್ ಈಗ ಗೋಡೆಯ ಮೇಲಿದ್ದಾನೆ. ಯುವತಿಯ ಕೈಲಿರುವುದು ಪ್ರೇಮಪತ್ರವೇ ಇರಬೇಕು, ಅದರಲ್ಲಿ ಕಪಟವಿಲ್ಲ ಎಂದು ವರ್ಮೀರ್ ನಮಗೆ ಹೇಳಬಯಸಿದ್ದನೆಂದೇ ನನಗನ್ನಿಸುತ್ತದೆ.