ದುಬೈ ಯಾರು ಕಟ್ಟಿದ ಊರು?

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)





ದುಬೈ ಬಗ್ಗೆ ಊರಲ್ಲಿ ಎಲ್ಲರೂ ಹೇಳುವ ಒಂದು ಮಾತು ಉಂಟು. 'ಮರಳು ಬಿಟ್ಟರೆ ಎಂತ ಇರಲಿಲ್ಲ, ಪೆಟ್ರೋಲ್ ಸಿಕ್ಕಿತು, ಒಂದೇ ರಾತ್ರಿಯಲ್ಲಿ ಊರು ಎದ್ದಿತು' ಅಂತ. ನಾವೂ ರಜೆಗೆ ಹೋದಾಗ ಇದನ್ನೇ ಹೇಳ್ತೇವೆ, ಕೇಳುವವರಿಗೂ ಖುಷಿ. ಆದರೆ ಇದು ಸರಿಯಲ್ಲ. ಇಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ, ಹಡಗಿಗೆ ತುಂಬಿ ಹೊರಗೆ ಕಳಿಸಲು ಶುರುವಾದದ್ದು 1969ರಲ್ಲಿ. ಅಷ್ಟರೊಳಗೆ ಇಲ್ಲಿ ವಿಮಾನ ನಿಲ್ದಾಣ, ಬ್ಯಾಂಕು, ಸೇತುವೆ, ಇಂಡಿಯನ್ ಶಾಲೆ ಎಲ್ಲಾ ಇತ್ತು. ಎಣ್ಣೆಗಿಂತ ಮೊದಲು ಇಲ್ಲಿ ಇದ್ದದ್ದು ಒಂದು ಅಳಿವೆ. ಅದನ್ನೇ ನಾವು ಕ್ರೀಕ್ ಅಂತೇವೆ, ಅರಬರು ಖೋರ್ ಅಂತಾರೆ. ಅದರ ಎರಡು ದಡಗಳಿಗೆ ಬೇರೆ ಬೇರೆ ಕಡೆಯಿಂದ ಬಂದ ಜನ ಸೇರಿ ಕಟ್ಟಿದ ಊರು ಇದು.

ಆ ಜನ ಯಾಕೆ ಬಂದರು ಅಂತ ನೋಡಿದರೆ, ಹೆಚ್ಚಿನವರ ಕತೆ ನಮ್ಮ ಕತೆಯ ಹಾಗೆಯೇ ಉಂಟು. 1833ರಲ್ಲಿ ಅಬುಧಾಬಿಯ ಬನಿ ಯಾಸ್ ಬುಡಕಟ್ಟಿನ ಒಂದು ಪಂಗಡ, ಸುಮಾರು 800 ಜನ, ಅಲ್ಲಿನ ಜಗಳದಿಂದ ಬೇಸತ್ತು ಇಲ್ಲಿಗೆ ಬಂದು ನೆಲೆಯಾಯಿತು. ಇಂದಿನ ರಾಜಮನೆತನದ ಮೂಲಪುರುಷ ಮಕ್ತೂಮ್ ಬಿನ್ ಬುತ್ತಿ ಅವರ ನಾಯಕರಲ್ಲಿ ಒಬ್ಬರು. ಅಂದರೆ ಇಲ್ಲಿನ ದೊರೆಗಳ ಮನೆತನವೂ ಒಂದು ಊರು ಬಿಟ್ಟು ಮತ್ತೊಂದು ಊರಿಗೆ ಬಂದದ್ದೇ. 1841ರಲ್ಲಿ ಬರ್ ದುಬೈಗೆ ಸಿಡುಬು ಬಂತು, ಜನ ಅಳಿವೆ ದಾಟಿ ದೇರಾದಲ್ಲಿ ಮನೆ ಮಾಡಿದರು. ಮನೆ ಎಂದರೆ ಬರಸ್ತಿ. ನಮ್ಮಲ್ಲಿ ತೆಂಗಿನ ಮಡಲು ಹೆಣೆದು ಕಟ್ಟುತ್ತಿದ್ದರಲ್ಲ, ಇಲ್ಲಿ ಖರ್ಜೂರದ ಮಡಲು, ಅಷ್ಟೇ ವ್ಯತ್ಯಾಸ. 1894ರಲ್ಲಿ ಬೆಂಕಿ ಬಿದ್ದು ದೇರಾದ ಬಹುಪಾಲು ಮನೆಗಳು ಸುಟ್ಟುಹೋದವು.

ಅದೇ ವರ್ಷ ಪಟ್ಟಕ್ಕೆ ಬಂದ ಮಕ್ತೂಮ್ ಬಿನ್ ಹಶೀರ್ ಹೊರಗಿನ ವ್ಯಾಪಾರಿಗಳಿಗೆ ತೆರಿಗೆ ತೆಗೆದುಹಾಕಿದರು. ಆಚೆ ದಡದಲ್ಲಿ ಇರಾನಿನ ಲಿಂಗಾ ಬಂದರು ಆಗ ದೊಡ್ಡ ಪೇಟೆ. ಕೆಲವೇ ವರ್ಷಗಳಲ್ಲಿ ಅಲ್ಲಿನ ಸರಕಾರ ಸುಂಕ ಏರಿಸಿತು. ಲಿಂಗಾದ ವ್ಯಾಪಾರಿಗಳು ಲೆಕ್ಕ ಹಾಕಿ ನೋಡಿದರು, ಹಾಯಿ ಏರಿಸಿ ದುಬೈಗೆ ಬಂದುಬಿಟ್ಟರು. ಬಸ್ತಕ್ ಎಂಬ ಸೀಮೆಯಿಂದ ಬಂದವರು ನೆಲೆಸಿದ ಕೇರಿಗೆ ಬಸ್ತಕಿಯಾ ಎಂದು ಹೆಸರಾಯಿತು. ಇವತ್ತು ಅದೇ ಅಲ್ ಫಹೀದಿ. ಟೂರಿಸ್ಟರು ಫೋಟೋ ತೆಗೆಯುವ ಆ ಗಾಳಿ ಗೋಪುರಗಳು, ಬರ್ಜೀಲ್, ಇರಾನಿನಿಂದ ಬಂದ ವಿದ್ಯೆ. ನಾಲ್ಕು ಕಡೆಯ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಗೋಡೆಗೆ ಸಮುದ್ರದ ಹವಳದ ಕಲ್ಲು, ಮಾಡಿಗೆ ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬಂದ ಕಾಂಡ್ಲ ಮರದ ತೊಲೆ, ಬಾಗಿಲಿಗೆ ಇಂಡಿಯಾದ ತೇಗ. ಒಂದೇ ಮನೆಯಲ್ಲಿ ಇಷ್ಟು ದೇಶ! 'ಅರಬ್ ಮನೆ' ಅಂತ ನಾವು ಸುಲಭದಲ್ಲಿ ಹೇಳಿಬಿಡ್ತೇವೆ.

ಈಗ ಮುತ್ತಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಕುಳಿತ ನಮ್ಮಲ್ಲಿ ಅನೇಕರಿಗೆ ಇದು ಹಳೆಯ ಕತೆಯ ಹಾಗೆ ಕೇಳಿಸಲಿಕ್ಕಿಲ್ಲ.

ಬೇಸಿಗೆಯ ನಾಲ್ಕು ತಿಂಗಳು, ಈಗ ನಾವು ಸೈಟಿನಲ್ಲಿ ಬೇಯುವ ಅದೇ ತಿಂಗಳುಗಳು, ದೋಣಿಗಳು ಮುತ್ತಿಗಾಗಿ ಹೊರಡುತ್ತಿದ್ದವು. ಮುಳುಗುವವನ ಮೂಗಿಗೆ ಒಂದು ಕ್ಲಿಪ್ಪು, ಕಾಲಿಗೆ ಕಲ್ಲು, ಕುತ್ತಿಗೆಗೆ ಬುಟ್ಟಿ. ಮೇಲೆ ಹಗ್ಗ ಹಿಡಿದು ಎಳೆಯುವವನು ಬೇರೆ. ದೊಡ್ಡ ದೋಣಿಗಳಲ್ಲಿ ಹಾಡು ಹೇಳಲಿಕ್ಕೆಂದೇ ಒಬ್ಬ ನಹ್ಹಾಮ್ ಇರುತ್ತಿದ್ದ. ದೋಣಿಯ ಯಜಮಾನ ನಖುದಾ. ಈ ಹೆಸರು ನಮ್ಮ ಕರಾವಳಿಯಲ್ಲೂ ಉಂಟು, ನಿಮಗೆ ಗೊತ್ತು. ದೋಣಿ ಹೊರಡುವ ಮೊದಲೇ ನಖುದಾ ಮುಳುಗುವವನ ಮನೆಗೆ ಮುಂಗಡ ಕೊಡುತ್ತಿದ್ದ. ಸೀಸನ್ ಮುಗಿದ ಮೇಲೆ ಪಾಲಿನಲ್ಲಿ ಅದನ್ನು ಕಳೆಯುತ್ತಿದ್ದ. ಕಳೆದರೂ ಸಾಲ ಉಳಿಯುತ್ತಿತ್ತು. ಮುಂದಿನ ವರ್ಷ ಮತ್ತೆ ಅದೇ ದೋಣಿ. ಸಾಲ ತೀರದೆ ಬೇರೆ ನಖುದಾನ ಹತ್ತಿರ ಹೋಗುವ ಹಾಗಿಲ್ಲ. ಅಪ್ಪ ಸತ್ತರೆ ಸಾಲ ಮಗನ ತಲೆಗೆ ಬರುವುದೂ ಇತ್ತು. ಆಫ್ರಿಕಾದಿಂದ, ಬಲೂಚಿಸ್ತಾನದಿಂದ ಗುಲಾಮರಾಗಿ ತಂದವರೂ ಆ ದೋಣಿಗಳಲ್ಲಿ ಇದ್ದರು. ಏಜೆಂಟನಿಗೆ ಕೊಡಲು ಉಮ್ಮನ ಚಿನ್ನ ಅಡವಿಟ್ಟು ಬಂದು, ಮೊದಲ ಎರಡು ವರ್ಷ ಬರೀ ಸಾಲಕ್ಕೆ ದುಡಿದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಕೈ ಎತ್ತಿಸುವುದಿಲ್ಲ. ಆದರೆ ಆ ಮುಳುಗುಗಾರ ನಮಗೆ ಪರಕೀಯ ಅಲ್ಲ.

ಆ ಮುತ್ತು ಹೋಗುತ್ತಿದ್ದದ್ದು ಎಲ್ಲಿಗೆ? ಮುಂಬೈಗೆ. ಅರಬ್ ವ್ಯಾಪಾರಿಗಳು ಅಲ್ಲೇ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಆಗ ಮುಂಬೈ ಅವರಿಗೆ ದುಬೈ! ಕೆಲಸ, ವ್ಯಾಪಾರ, ಆಸ್ಪತ್ರೆ, ಮದುವೆ ಬಟ್ಟೆ ಎಲ್ಲಾ ಅಲ್ಲಿಂದ. ಸಿಂಧ್ ಕಡೆಯ ಭಾಟಿಯಾ ವ್ಯಾಪಾರಿಗಳು ಈ ಕಡೆ ಬಂದು ಬರ್ ದುಬೈಯ ಸೂಕಿನಲ್ಲಿ ಅಂಗಡಿ ಇಟ್ಟರು. ದೊಡ್ಡ ಮಸೀದಿಯ ಹಿಂದಿನ ಓಣಿಯಲ್ಲಿ ಅವರ ದೇವಸ್ಥಾನ ದಶಕಗಳ ಕಾಲ ಇತ್ತು. ಬಾಂಗು ಮತ್ತು ಗಂಟೆ ಒಂದೇ ಓಣಿಯಲ್ಲಿ ಕೇಳುತ್ತಿದ್ದ ಕಾಲ ನಮ್ಮ ಹಳಬರಿಗೆ ನೆನಪಿರಬೇಕು. 1909ರಲ್ಲಿ ಇಲ್ಲಿ ತೆರೆದ ಮೊದಲ ಪೋಸ್ಟಾಫೀಸು ಇಂಡಿಯಾದ ಅಂಚೆ ಇಲಾಖೆಯದ್ದು, ಸ್ಟಾಂಪೂ ಇಂಡಿಯಾದ್ದೇ. ಅರಬರ ಬಾಯಲ್ಲಿ ಈಗಲೂ ನಮ್ಮ ಕಡೆಯ ಮಾತು ಎಷ್ಟು ಉಂಟು ನೋಡಿ. ನೇರ ಹೋಗು ಅನ್ನಲಿಕ್ಕೆ 'ಸೀದಾ', ಫ್ಯಾನಿಗೆ 'ಬಾಂಕಾ', ಚಪ್ಪಲಿಗೆ 'ಜೂತಿ'. ಕರಕ್ ಚಾಯ್ ಅಂತ ಇವತ್ತು ಇಲ್ಲಿನ ರಾಷ್ಟ್ರೀಯ ಪಾನೀಯದ ಹಾಗೆ ಆಗಿದೆಯಲ್ಲ, ಅದು ಹಿಂದಿಯ 'ಕಡಕ್'. ಅದನ್ನು ಕಾಸಿ ಕಾಸಿ ಹೆಸರು ತಂದದ್ದು ಕೆಫೆಟೇರಿಯಾದಲ್ಲಿ ನಿಂತ ಮಲಯಾಳಿಗಳು, ಜತೆಗೆ ನಮ್ಮವರು.

1930ರ ಹೊತ್ತಿಗೆ ಮುತ್ತು ಬಿದ್ದುಹೋಯಿತು. ಜಗತ್ತಿನಲ್ಲಿ ಆರ್ಥಿಕ ಕುಸಿತ, ಅದರ ಮೇಲೆ ಜಪಾನಿನವರು ಸಾಕಿ ಬೆಳೆಸಿದ ಮುತ್ತು. ದುಬೈಯಲ್ಲಿ ಹಸಿವು ಕಂಡ ವರ್ಷಗಳು ಅವು. ಆಮೇಲೆ ಕೈ ಹಿಡಿದದ್ದು ಚಿನ್ನ. ಇಲ್ಲಿಂದ ದೋಣಿಗಳಲ್ಲಿ ಇಂಡಿಯಾದ ಕರಾವಳಿಗೆ ಹೋಗುತ್ತಿದ್ದ ಚಿನ್ನ. ಇಲ್ಲಿ ಅದು ವ್ಯಾಪಾರ, ಅಲ್ಲಿ ಸ್ಮಗ್ಲಿಂಗ್. ರೂಪಾಯಿ ಹೀಗೆ ಸೋರಿ ಹೋಗುವುದನ್ನು ತಡೆಯಲು ರಿಸರ್ವ್ ಬ್ಯಾಂಕು 1959ರಲ್ಲಿ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಮಾಡಿತು, ನಂಬರಿನ ಮುಂದೆ 'ಝಡ್' ಅಕ್ಷರ. ಮೊದಲಿಗೆ ಬಂದ ಹಿರಿಯರು ಕಡಲು ದಾಟಿ ಬಂದು ಸಂಬಳ ಎಣಿಸಿದ್ದು ರೂಪಾಯಿಯಲ್ಲೇ! 1966ರಲ್ಲಿ ಇಂಡಿಯಾ ರೂಪಾಯಿಯ ಬೆಲೆ ಇಳಿಸಿದಾಗ ದುಬೈ ಅದನ್ನು ಬಿಟ್ಟಿತು. ದಿರ್ಹಮ್ ಬಂದದ್ದು 1973ರಲ್ಲಿ.

ಶೇಖ್ ರಾಶಿದ್ ಅವರ ಕಾಲದಲ್ಲಿ, 1959ರ ನಂತರ, ಕುವೈತಿನಿಂದ ಸಾಲ ತಂದು ಹೂಳು ತುಂಬಿದ ಅಳಿವೆಯನ್ನು ಆಳ ಮಾಡಿದರು. ಎಣ್ಣೆಗೆ ಮೊದಲು ಈ ಊರು ಮಾಡಿದ ದೊಡ್ಡ ಧೈರ್ಯ ಇದೇ ಅಂತ ನಮಗೆ ಅನಿಸುತ್ತದೆ. ಆಮೇಲಿನದ್ದು ನಿಮಗೆ ಗೊತ್ತು. 1972ರಲ್ಲಿ ಪೋರ್ಟ್ ರಾಶಿದ್, 1979ರಲ್ಲಿ ಜೆಬೆಲ್ ಅಲಿ ಬಂದರು ಮತ್ತು 39 ಮಾಳಿಗೆಯ ಟ್ರೇಡ್ ಸೆಂಟರ್, 2009ರಲ್ಲಿ ಮೆಟ್ರೋ, 2010ರಲ್ಲಿ 828 ಮೀಟರಿನ ಬುರ್ಜ್ ಖಲೀಫಾ. 1968ರ ಜನಗಣತಿಯಲ್ಲಿ ಇಲ್ಲಿ ಇದ್ದದ್ದು ಸುಮಾರು 59 ಸಾವಿರ ಜನ. ಇವತ್ತು 36 ಲಕ್ಷ ದಾಟಿದೆ. ಹತ್ತರಲ್ಲಿ ಒಂಬತ್ತು ಮಂದಿ ಹೊರಗಿನವರು, ಮೂರರಲ್ಲಿ ಎರಡು ಭಾಗ ಗಂಡಸರು. ಊರೆಲ್ಲಾ ಹೀಗೆ ಇರುವುದಿಲ್ಲ ಮಾರಾಯ್ರೆ. ಮನೆಮಂದಿಯನ್ನು ಬೇರೆ ಎಲ್ಲೋ ಬಿಟ್ಟು ಬಂದವರ ಊರು ಮಾತ್ರ ಹೀಗೆ ಇರುತ್ತದೆ.

ಬಂದವರು ಬಂದದ್ದು ಹೇಗೆ? ವಿಮಾನಕ್ಕೆ ಮೊದಲು ಮುಂಬೈಯಿಂದ ಸ್ಟೀಮರು. ದ್ವಾರಕಾ, ದುಮ್ರಾ ಎಂಬ ಹಡಗುಗಳ ಹೆಸರು ಹಳಬರ ಬಾಯಲ್ಲಿ ಈಗಲೂ ಬರುತ್ತದೆ. ಅವುಗಳ ಜೋಡಿ ಹಡಗು 'ದಾರಾ' 1961ರ ಏಪ್ರಿಲ್ 8ರಂದು, ದುಬೈಯ ಹೊರಗೆ ಬಿರುಗಾಳಿಯಿಂದ ತಪ್ಪಿಸಿಕೊಂಡು ಕಡಲಿಗೆ ಹೋಗಿದ್ದಾಗ, ಸ್ಫೋಟವಾಗಿ ಹೊತ್ತಿ ಉರಿಯಿತು. 238 ಜನ ಹೋದರು. ಕಾಗದ ಪತ್ರ ಇಲ್ಲದವರು ಲಾಂಚಿನಲ್ಲಿ ಬಂದು ಖೋರ್ ಫಕ್ಕಾನಿನ ಹತ್ತಿರ ನೀರಿಗೆ ಇಳಿದು ಈಜಿ ದಡ ಸೇರಿದರು. ನಮ್ಮ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿವರೆಗೆ ಬಸ್ಸಿನಲ್ಲಿ ಮುಂಬೈ, ಅಲ್ಲಿ ಮುಸಾಫಿರಖಾನೆಯ ಚಾಪೆ, ಆಮೇಲೆ ವಿಮಾನ. 2010ರ ಮೇ 22ರ ಬೆಳಿಗ್ಗೆ ಇಲ್ಲಿಂದ ಹೊರಟ ವಿಮಾನ ಬಜ್ಪೆಯಲ್ಲಿ ಬಿದ್ದಾಗ ಹೋದವರು 158. ಅದರ ಬಗ್ಗೆ ಈ ಸಭೆಯಲ್ಲಿ ನಾವು ವಿವರಿಸಬೇಕಾಗಿಲ್ಲ. ಒಂದೇ ಮಾತು: ಅದನ್ನು ಮಂಗಳೂರಿನ ದುರಂತ ಅಂತಾರೆ. ಅದು ದುಬೈಯ ಇತಿಹಾಸವೂ ಹೌದು. ಆ ಚೀಲಗಳಲ್ಲಿ ಇದ್ದ ಗೊಂಬೆ, ಅತ್ತರು, ಹಾಲಿನ ಪುಡಿ ಎಲ್ಲಾ ದೇರಾದ ಅಂಗಡಿಗಳಿಂದ ಹೋದದ್ದು.

ಲಿಂಗಾದಿಂದ ಬಂದವರು ಇಲ್ಲಿ ಬೇರು ಬಿಟ್ಟರು. ಅವರಲ್ಲಿ ಅನೇಕರ ಮೊಮ್ಮಕ್ಕಳು ಇಂದು ಇಲ್ಲಿನ ಪೌರರು. ಅವರ ಕೇರಿಗೆ ಹೆಸರುಂಟು, ಮನೆಗಳನ್ನು ರಿಪೇರಿ ಮಾಡಿ ಉಳಿಸಿದ್ದಾರೆ. ನಮ್ಮದು ವೀಸಾದ ಲೆಕ್ಕ. ಕೆಲಸ ಇದ್ದಷ್ಟು ದಿನ ಬತಾಖ, ಕೆಲಸ ಮುಗಿದರೆ ಖಲಾಸ್. ಇದರಲ್ಲಿ ದೂರು ಹೇಳುವುದಲ್ಲ, ತಿಳಿದೇ ಬಂದವರು ನಾವು. ಆದರೆ ಇದರಿಂದ ಒಂದು ನಷ್ಟ ಆಗುತ್ತಿದೆ. ನಮ್ಮವರು ನೈಫಿನಲ್ಲಿ, ಫ್ರಿಜ್ ಮುರಾರಿನಲ್ಲಿ, ಸತ್ವಾದಲ್ಲಿ ಒಂದೊಂದು ರೂಮಿನಲ್ಲಿ ಹತ್ತು ಹನ್ನೆರಡು ಜನ ಬೆಡ್‌ಸ್ಪೇಸಿನಲ್ಲಿ ಇದ್ದು ಅಂಗಡಿ ನಡೆಸಿದರು, ಗಾಡಿ ಓಡಿಸಿದರು, ಶಟರಿಂಗ್ ಹಾಕಿದರು. ಅರುವತ್ತಕ್ಕೆ ಊರಿಗೆ ಹೋದರು. ರೂಮು ಒಡೆದು ಅಲ್ಲಿ ಟವರು ಎದ್ದಿತು. ಬ್ಯಾಚುಲರುಗಳು ಮನೆಗಳಿರುವ ಕೇರಿಯಲ್ಲಿ ಇರಬಾರದು ಎಂದಾಗ ಜಾಗ ಬದಲಾಯಿತು, ಕೆಲವರು ಸೋನಾಪುರಕ್ಕೆ, ಕೆಲವರು ಅಲ್ ಕೋಝಿಗೆ ಹೋದರು. ಕೇರಿಯೂ ಇಲ್ಲ, ಹೆಸರೂ ಇಲ್ಲ. ಮಲಯಾಳಿಗಳಿಗೆ ಎಸ್.ಎ. ಜಮೀಲ್ ಅವರ 'ದುಬೈ ಕತ್ತ್ ಪಾಟ್ಟ್' ಉಂಟು, ಗಂಡನಿಗೆ ಹೆಂಡತಿ ಬರೆಯುವ ಕಾಗದದ ಹಾಡು. 'ಪತ್ತೇಮಾರಿ' ಸಿನೆಮಾ ಉಂಟು. ನಮ್ಮ ಕಡೆ ಬರೆದದ್ದು ಬಹಳ ಕಡಿಮೆ. ಬ್ಯಾರಿಗಳು ಲೆಕ್ಕ ಬರೆಯುವುದರಲ್ಲಿ ಗಟ್ಟಿ, ಕತೆ ಬರೆಯುವುದರಲ್ಲಿ ಉದಾಸೀನ ಅಂತ ತಮಾಷೆಗೆ ಹೇಳಬಹುದು.

ಊರಿನ ಕಪಾಟಿನಲ್ಲಿ ಮೂಲೆ ಕತ್ತರಿಸಿ ಕ್ಯಾನ್ಸಲ್ ಮಾಡಿದ ಹಳೆಯ ಪಾಸ್‌ಪೋರ್ಟ್ ಇರುತ್ತದೆ. ಅದರ ಪ್ರತಿಯೊಂದು ಸೀಲೂ ಈ ಊರಿನ ಚರಿತ್ರೆ. ಮನೆ ಬಣ್ಣ ಬಳಿಯುವಾಗ ಅದನ್ನು ಗುಜರಿಗೆ ಹಾಕುತ್ತಾರೆ. ಉಮ್ಮ ಹೇಳಿ, ಪಕ್ಕದ ಮನೆಯ ಶಾಲೆಗೆ ಹೋಗುವ ಹುಡುಗಿ ಬರೆದ ಕನ್ನಡದ ಕಾಗದಗಳು, ಮಾತಾಡಿ ಕಳಿಸಿದ ಕ್ಯಾಸೆಟ್ಟುಗಳು ಹೀಗೆಯೇ ಹೋಗುತ್ತಿವೆ. ಎಪ್ಪತ್ತರ ದಶಕದಲ್ಲಿ ಬಂದವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು.

ಹಾಗಾಗಿ ಒಂದು ಕೆಲಸ ಇಟ್ಟುಕೊಂಡಿದ್ದೇವೆ. ಸಭೆ ಮುಗಿದು ಊಟಕ್ಕೆ ಹೋಗುವ ಬಾಗಿಲಲ್ಲಿ ಒಂದು ಮೇಜಿದೆ, ಅಲ್ಲಿ ನಮ್ಮ ಇಬ್ಬರು ಹುಡುಗರು ಪುಸ್ತಕ ಹಿಡಿದು ಕುಳಿತಿರುತ್ತಾರೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಮೊದಲಿಗೆ ಗಲ್ಫಿಗೆ ಬಂದವರ ಹೆಸರು ಮತ್ತು ಊರು ಬರೆಸಿ. ಈ ವಾರ ಫೋನ್ ಮಾಡುವಾಗ ಸಕ್ಕರೆ, ಬಿಪಿ ಎಷ್ಟುಂಟು ಅಂತ ಕೇಳಿದ ಮೇಲೆ ಇನ್ನು ಕೆಲವು ಪ್ರಶ್ನೆ ಕೇಳಿ: ಯಾವ ವರ್ಷ ಹೋದದ್ದು, ಹಡಗಾ ಲಾಂಚಾ ವಿಮಾನವಾ, ಮೊದಲ ರಾತ್ರಿ ಎಲ್ಲಿ ಮಲಗಿದ್ದು, ಮೊದಲ ಸಂಬಳ ಎಷ್ಟು, ಯಾವ ನೋಟಿನಲ್ಲಿ. ಬ್ಯಾರಿಯಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ, ಅವರಿಗೆ ಬಂದ ಹಾಗೆ ಹೇಳಲಿ. ವಾಟ್ಸಾಪಿನ ಧ್ವನಿ ಸಂದೇಶ ಸಾಕು, ಬರೆದುಕೊಳ್ಳುವ ಕೆಲಸ ನಮ್ಮದು. ಪಾಸ್‌ಪೋರ್ಟ್ ಗುಜರಿಗೆ ಹಾಕಬೇಡಿ ಅಂತಲೂ ಅದೇ ಫೋನಿನಲ್ಲಿ ಹೇಳಿಬಿಡಿ.