ಬಾಡಿಗೆ ರೂಮು, ನೆರೆಯವರ ಕಾಟ
(ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತುಗಳು)



ಓದು ಮುಗಿದ ಮೇಲೆ ಹಾಸ್ಟೆಲ್ ಬಾಗಿಲು ನಮಗೆ ಮುಚ್ಚುತ್ತೆ. ರೂಮು ಹುಡುಕಿಕೊಂಡು ಬೀದಿ ಸುತ್ತಬೇಕು. 'ಬಾಡಿಗೆಗೆ ಇದೆ' ಅನ್ನೋ ಬೋರ್ಡಿನ ಕೆಳಗೆ ಮೊದಲು ಕೇಳೋದು ದುಡ್ಡಿನ ಮಾತಲ್ಲ, 'ನೀವು ಯಾವ ಪೈಕಿ?' ಅಂತ. ಅದನ್ನು ದಾಟಿ ಒಳಗೆ ಹೋದರೂ ಗೋಡೆಯಾಚೆಯವರ ಕಾಟ ತಪ್ಪಿದ್ದಲ್ಲ.

ಈ ಕಾಟದಲ್ಲೂ ಎರಡು ಜಾತಿ.

ಒಂದು, ಎಲ್ಲರಿಗೂ ಆಗುವ ಕಾಟ. ಮಧ್ಯರಾತ್ರಿಯ ಧ್ವನಿವರ್ಧಕ, ಕುಡಿದು ಬಾಗಿಲು ಬಡಿಯೋದು, ಮೆಟ್ಟಿಲ ಮೇಲೆ ಕಸ ಸುರಿಯೋದು. ಇದಕ್ಕೆ ಮೊದಲು ಮಾತು, ಆಮೇಲೆ ಮಾಲೀಕರಿಗೆ ಬರಹದ ದೂರು, ಆಮೇಲೆ ಪೊಲೀಸು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬಲ್. ಇದು ನಮ್ಮ ಸ್ಪೀಕರಿಗೂ ಸೇರಿದ ಮಾತು. ಹೋರಾಟದ ಹಾಡೇ ಆದರೂ ಪಕ್ಕದ ಮನೆಯ ಕೂಸನ್ನು ಎಬ್ಬಿಸೋ ಹಕ್ಕು ನಮಗಿಲ್ಲ.

ಇನ್ನೊಂದು, ನಮಗೆ ಮಾತ್ರ ಆಗುವ ಕಾಟ. ಸಾರಿನ ವಾಸನೆ ಅಂತಾರೆ. ನಾವು ಮುಟ್ಟಿದ ನಲ್ಲಿ ತೊಳೀತಾರೆ. ಗೋಡೆ ಮೇಲೆ ಅಂಬೇಡ್ಕರ್ ಪಟ ಕಂಡ ದಿನದಿಂದ ಮಾತು ನಿಲ್ಲಿಸ್ತಾರೆ. ಕೊನೆಗೆ ಮಾಲೀಕರ ಹತ್ತಿರ 'ಈ ಹುಡುಗರದು ಬರೀ ಗಲಾಟೆ' ಅಂತಾರೆ. ಗಲಾಟೆ ಅಂದರೆ ಇಲ್ಲಿ ನಾವು ಮಾಡಿದ್ದಲ್ಲ, ನಾವು ಇರೋದೇ.

ಇದು ಹೊಸತಲ್ಲ. ಕೊಲಂಬಿಯಾದಲ್ಲಿ ಓದಿ, 1917ರಲ್ಲಿ ಬರೋಡಾಕ್ಕೆ ನೌಕರಿಗೆ ಹೋದ ಬಾಬಾಸಾಹೇಬರಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಇರಬೇಕಾಯಿತು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಅವರ ಮೇಲಿದ್ದ ದೂರು ಜಾತಿಯೊಂದೇ.

ಠಾಣೆಯಲ್ಲಿ ಇದಕ್ಕೆ 'ನೆರೆಹೊರೆ ಜಗಳ' ಅಂತ ಹೆಸರಿಟ್ಟು ರಾಜಿ ಮಾಡಿಸೋಕೆ ನೋಡ್ತಾರೆ. ಒಪ್ಪಬಾರದು. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸಕ್ಕೆ ಅಡ್ಡಿಮಾಡೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಂತೆ ಅಪರಾಧ. ಜನರ ಎದುರು ಜಾತಿ ಹೆಸರು ಹಿಡಿದು ಬೈದರೆ, ಎಲ್ಲರ ನಲ್ಲಿ ನಮಗೆ ತಡೆದರೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಈ ಕಲಮಿಗೆ ಬರೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದಕ್ಕೇ ಸಾಕ್ಷಿ ಮುಖ್ಯ.

ಒಂದು ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆಯಿರಿ. ಬಾಡಿಗೆ ಕರಾರು, ರಸೀದಿ ಜೋಪಾನ. ಕೈ ಎತ್ತಬೇಡಿ, ನಮ್ಮ ಒಂದೇಟಿನಲ್ಲಿ ಅವರ ನೂರು ಬೈಗುಳ ಮುಚ್ಚಿಹೋಗುತ್ತೆ. ಠಾಣೆಗೆ ಒಬ್ಬರೇ ಹೋಗಬೇಡಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ದೌರ್ಜನ್ಯದ ದೂರಿಗೆ 14566 ಸಹಾಯವಾಣಿ ಇದೆ.

ಜಾತಿ ಮುಚ್ಚಿಟ್ಟು ರೂಮು ಹಿಡಿದ ಗೆಳೆಯರೂ ನಮ್ಮಲ್ಲಿದ್ದಾರೆ. ಅವರನ್ನು ಹಂಗಿಸೋದು ಬೇಡ. ತಲೆ ಮೇಲೆ ಸೂರು ಬೇಕು, ಓದೂ ಉಳೀಬೇಕು. ಆದರೆ ಒಬ್ಬನ ಚಾಪೆ, ಪುಸ್ತಕ ಬೀದಿಗೆ ಬಿದ್ದ ದಿನ ಎತ್ತಿಕೊಳ್ಳೋಕೆ ಹತ್ತು ಕೈ ಇರಲಿ. ಗೋಡೆಯ ಪಟ ಇಳಿಸದೆ ಬಾಳುವ ಮನೆ ನಮಗೆ ಬೇಕು. ಅದನ್ನು ಬೇಡಿ ಪಡೆಯೋದಲ್ಲ, ಒಟ್ಟಾಗಿ ಕೇಳಿ ಪಡೆಯೋದು.

ಜೈ ಭೀಮ್.